ಕಂದನ ಕೈಗೆ ಸಜ್ಜೆಯ ಪಡ್ಡು

ಮಗು ಮೊದಲು ಕಲಿಯುವ ಮಾತು “ಅಮ್ಮ” ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅನ್ನದ ಬಟ್ಟಲನ್ನು ಹಿಡಿದು ಎರಡು ವರ್ಷದ ಕೂಸಿನ ಹಿಂದೆ ಮನೆಯೆಲ್ಲ ಸುತ್ತಿದ ತಾಯಂದಿರನ್ನು ಕೇಳಿ ನೋಡಿ. ಅದು ಚೆನ್ನಾಗಿ ಕಲಿತ ಮಾತು “ಬೇಡ” ಎಂಬುದೇ ಎಂದು ಅವರು ಹೇಳಿಯಾರು!

ನಮ್ಮ ಮೊಮ್ಮಗನೂ ಈ ನಿಯಮಕ್ಕೆ ಹೊರತಾಗಿರಲಿಲ್ಲ. ಕಳೆದ ಬೇಸಗೆಯಲ್ಲಿ ಅವನನ್ನೂ ನನ್ನ ಸೊಸೆಯನ್ನೂ ಕರೆದುಕೊಂಡು ಬೆಂಗಳೂರಿನಿಂದ ಮುದಗಲ್ಲಿಗೆ, ನನ್ನ ಅಕ್ಕನ ಮನೆಗೆ ಹೋಗಿದ್ದೆ. ಹೊರಡುವ ಹಿಂದಿನ ವಾರವಷ್ಟೇ ವೈದ್ಯರು ಮಗುವಿನ ರಕ್ತವನ್ನು ಪರೀಕ್ಷಿಸಿ, ರಕ್ತಹೀನತೆಯಿದೆಯೆಂದೂ, ತೂಕವು ವಯಸ್ಸಿಗೆ ತಕ್ಕಷ್ಟಿಲ್ಲವೆಂದೂ ತಿಳಿಸಿದ್ದರು. ಕಬ್ಬಿಣದ ಅಂಶವುಳ್ಳ ಔಷಧಿಯನ್ನು ಬರೆದುಕೊಟ್ಟು, “ಔಷಧಿ ಕೆಲವು ತಿಂಗಳ ಮಾತು, ಊಟ ದಿನದಿನದ ಮಾತು. ಮಗು ಏನು ತಿನ್ನುತ್ತದೆ?” ಎಂದು ಅವರು ಕೇಳಿದಾಗ ಸೊಸೆ ತಲೆ ತಗ್ಗಿಸಿದಳು.

ಬೆಳಿಗ್ಗೆ ಹಾಲಿನಲ್ಲಿ ಅದ್ದಿದ ಬಿಸ್ಕತ್ತು. ಮಧ್ಯಾಹ್ನ ನಾಲ್ಕು ತುತ್ತು ಮೊಸರನ್ನ. ಸಂಜೆ ನನ್ನ ಚಹಾದ ಬಟ್ಟಲಿನಿಂದಲೇ ಎರಡು ಗುಟುಕು. ಈ ಕಡೆಯದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಇವಲ್ಲದೆ ರಜಾದಿನಗಳಲ್ಲಿ ಅಂಗಡಿಯ ವಾಫಲ್. ಅದನ್ನು ಮಾತ್ರ ಅವನು ಎರಡೂ ಕೈಗಳಿಂದ ಹಿಡಿದು, ಯಾರ ಬಲವಂತವೂ ಇಲ್ಲದೆ ತಿಂದು ಮುಗಿಸುತ್ತಿದ್ದ. “ತಿನ್ನುತ್ತಾನಲ್ಲ, ಸಾಕು” ಎಂದು ನಾವೂ ಸಮಾಧಾನಪಟ್ಟುಕೊಳ್ಳುತ್ತಿದ್ದೆವು.

ಹಲ್ಲಿನ ಲೆಕ್ಕ

ಮುದಗಲ್ಲಿನ ಕೋಟೆಯನ್ನು ಕಂಡವರು ಅದರ ಎರಡು ಸುತ್ತಿನ ಗೋಡೆಗಳನ್ನೂ ಕಂದಕವನ್ನೂ ಮರೆಯಲಾರರು. ಆದರೆ ನಮ್ಮ ಮೊಮ್ಮಗ ಕಟ್ಟಿಕೊಂಡಿದ್ದ ಕೋಟೆ ಅದಕ್ಕಿಂತ ಬಲವಾಗಿತ್ತು. ಮೊದಲ ದಿನ ಅಕ್ಕ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕಿಕೊಟ್ಟಳು, ಬಾಯಿ ಬಿಗಿದುಕೊಂಡ. ಶೇಂಗಾ ಚಟ್ನಿಯ ಖಾರ ತುಟಿಗೆ ತಗುಲಿದ್ದೇ ತಡ, ಅಳು ಓಣಿಯ ಕೊನೆಯವರೆಗೂ ಕೇಳಿಸಿತು. ಅಳುವಿನ ನಡುನಡುವೆ ಒಂದೇ ಬೇಡಿಕೆ: “ವಾಫಲ್ ಬೇಕು.”

ನಾನು ಮಗುವನ್ನು ಗದರಿಸಹೊರಟಾಗ ಅಕ್ಕ ನನ್ನನ್ನೇ ಗದರಿಸಿದಳು: “ಏ ತಂಗಿ, ಕೂಸಿನ ಬಾಯಾಗ ಹಲ್ಲು ಎಷ್ಟದಾವು ಎಣಿಸೀಯೇನು? ಹದಿನಾರು! ಮೂವತ್ತೆರಡು ಹಲ್ಲಿನ ರೊಟ್ಟಿ ಹದಿನಾರು ಹಲ್ಲಿಗೆ ಕೊಟ್ರ, ಅದು ‘ಬ್ಯಾಡ’ ಅನ್ನದ ಇನ್ನೇನಂದೀತು?”

ಆಮೇಲೆ, “ಅದೇನು ವಾಫಲ್ಲು, ನನಗೂ ಹೇಳು” ಎಂದು ಕೇಳಿದಳು. ನನಗೆ ತಿಳಿದಷ್ಟನ್ನು ಹೇಳಿದೆ. ಯೂರೋಪಿನಲ್ಲಿ ಮಧ್ಯಯುಗದಿಂದಲೂ ಇರುವ ತಿಂಡಿ ಇದು. ಉದ್ದ ಹಿಡಿಯ ಎರಡು ಕಬ್ಬಿಣದ ಫಲಕಗಳ ನಡುವೆ ಹಿಟ್ಟನ್ನು ಹೊಯ್ದು, ಮುಚ್ಚಿ, ಬೆಂಕಿಗೆ ಹಿಡಿಯುತ್ತಿದ್ದರು. ಅಮೆರಿಕದ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ ಎಂಬಾತ 1869ರಲ್ಲಿ ಒಲೆಯ ಮೇಲಿಡುವ ವಾಫಲ್ ಅಚ್ಚೊಂದಕ್ಕೆ ಪೇಟೆಂಟ್ ಪಡೆದ. 1964ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವಿಶ್ವಮೇಳದಲ್ಲಿ ಬೆಲ್ಜಿಯಂ ಬಗೆಯ ದಪ್ಪ ವಾಫಲ್‌ಗೆ ಅಮೆರಿಕದ ಜನ ಮುಗಿಬಿದ್ದರು. ಈಗ ಅದು ವಿದ್ಯುತ್ತಿನ ಯಂತ್ರವಾಗಿ ನಮ್ಮ ನಗರಗಳ ಅಡುಗೆಮನೆಗೂ ಬಂದಿದೆ. ಫಲಕದ ಮೇಲಿನ ಚೌಕಳಿ ಬರಿಯ ಅಂದಕ್ಕಲ್ಲ. ಹಿಟ್ಟಿನ ಹೆಚ್ಚು ಭಾಗಕ್ಕೆ ಕಾವು ತಗುಲಿ ಹೊರಮೈ ಗರಿಗರಿಯಾಗುತ್ತದೆ, ಒಳಗು ಮೃದುವಾಗಿ ಉಳಿಯುತ್ತದೆ.

ಎಲ್ಲವನ್ನೂ ಕೇಳಿದ ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದಳು: “ಅಂದ್ರ, ನಮ್ಮ ಪಡ್ಡಿನ ಹಂಚಿನ ಮ್ಯಾಲೆ ಇನ್ನೊಂದು ಹಂಚು ಮುಚ್ಯಾರ ಅನ್ನು!”

ನಾನು ನಕ್ಕೆ. ಆದರೆ ಯೋಚಿಸಿದಷ್ಟೂ ಆ ಮಾತು ಸರಿಯೆನ್ನಿಸಿತು. ಕಾದ ಕಬ್ಬಿಣ, ಅದರಲ್ಲಿ ಗುಳಿ, ಗುಳಿಯಲ್ಲಿ ಹಿಟ್ಟು. ಇಲ್ಲಿ ಪಡ್ಡು ಎನ್ನುವುದನ್ನೇ ನಾಡಿನ ಬೇರೆ ಕಡೆಗಳಲ್ಲಿ ಗುಳಿಯಪ್ಪ, ಗುಂಡುಪೊಂಗಲು ಎನ್ನುತ್ತಾರೆ; ತೆಲುಗರಿಗೆ ಅದು ಗುಂತಪೊಂಗನಾಲು, ತಮಿಳರಿಗೆ ಪಣಿಯಾರಂ. ದೂರದ ಡೆನ್ಮಾರ್ಕಿನಲ್ಲಿಯೂ ಇಂಥದೇ ಗುಳಿಹಂಚಿನಲ್ಲಿ ಉಂಡೆಯಾಕಾರದ ತಿಂಡಿಯನ್ನು ಮಾಡುವುದುಂಟು. ಮಗು ಬಯಸಿದ್ದು ಮೈದಾವನ್ನಲ್ಲ, ಸಕ್ಕರೆಯನ್ನೂ ಅಲ್ಲದಿರಬಹುದು. ತಾನೇ ಕೈಯಲ್ಲಿ ಹಿಡಿದು ತಿನ್ನಬಹುದಾದ, ಹೊರಗೆ ಗರಿಗರಿ ಒಳಗೆ ಮೆತ್ತಗಿನ ಒಂದು ತಿನಿಸನ್ನು ಅದು ಕೇಳುತ್ತಿತ್ತು. ಕೇಳಿದ ರೂಪವನ್ನು ಕೊಟ್ಟು, ಒಳಗಿನ ಹಿಟ್ಟನ್ನು ನಾವು ಆರಿಸಿದರಾಯಿತಲ್ಲ!

ಸಣ್ಣ ಹೊಟ್ಟೆ, ದೊಡ್ಡ ಬೇಡಿಕೆ

ಒಂದರಿಂದ ಮೂರು ವರ್ಷದವರೆಗಿನ ಮಗುವಿನ ಆಹಾರವನ್ನು ಕುರಿತು ನಾವು ಮಾಡುವ ತಪ್ಪು ಲೆಕ್ಕದ ತಪ್ಪು. ಹತ್ತು ಕಿಲೋ ತೂಕದ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಸುವುದು ಹೆಚ್ಚೆಂದರೆ 300 ಮಿಲಿಲೀಟರಿನಷ್ಟು, ಅಂದರೆ ಒಂದು ದೊಡ್ಡ ಲೋಟ. ಆದರೆ ಓಡುವ, ಬೀಳುವ, ಬೆಳೆಯುವ ಆ ದೇಹಕ್ಕೆ ದಿನಕ್ಕೆ ಹೆಚ್ಚುಕಡಿಮೆ ಸಾವಿರ ಕೆಲೊರಿಯಷ್ಟು ಶಕ್ತಿ ಬೇಕು. ಆ ಲೋಟವನ್ನು ನೀರಾದ ಗಂಜಿಯಿಂದಲೋ, ಬೇಳೆಯಿಲ್ಲದ ತಿಳಿಸಾರಿನಿಂದಲೋ ತುಂಬಿಸಿದರೆ ಹೊಟ್ಟೆ ತುಂಬುತ್ತದೆ, ಮಗು ಬೆಳೆಯುವುದಿಲ್ಲ. ಆದುದರಿಂದಲೇ ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ, ನಡುವೆ ಒಂದೆರಡು ಸಲ ತಿಂಡಿ ಬೇಕೆಂದೂ, ಪ್ರತಿ ತುತ್ತೂ ಗಟ್ಟಿಯಾಗಿ ಸತ್ವಯುತವಾಗಿರಬೇಕೆಂದೂ ವೈದ್ಯರು ಹೇಳುತ್ತಾರೆ. ತಾಯಿಯ ಹಾಲನ್ನು ಎರಡು ವರ್ಷದವರೆಗೂ, ಅದರಾಚೆಗೂ ಮುಂದುವರಿಸಬಹುದು.

ಇದು ಬಡವರ ಮನೆಯ ಸಮಸ್ಯೆಯೆಂದು ತಿಳಿಯಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿತ್ತು. ಐದು ವರ್ಷದೊಳಗಿನವರಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ರಾಯಚೂರು ಸೇರಿದಂತೆ ಏಳು ಜಿಲ್ಲೆಗಳ ಶಾಲಾಮಕ್ಕಳಿಗೆ ಬಿಸಿಯೂಟದೊಡನೆ ಮೊಟ್ಟೆಯನ್ನೋ ಬಾಳೆಹಣ್ಣನ್ನೋ ಕೊಡುವ ಏರ್ಪಾಡು 2021ರ ಡಿಸೆಂಬರಿನಲ್ಲಿ ಆರಂಭವಾದುದು ಇಂಥ ಕಾರಣಗಳಿಂದಲೇ. ಆದರೆ ಮಗು ಶಾಲೆಗೆ ಹೋಗುವುದು ಆರನೆಯ ವರ್ಷಕ್ಕೆ. ಮಿದುಳು ಅತಿ ವೇಗವಾಗಿ ಬೆಳೆಯುವ ಮೊದಲ ಎರಡು ಮೂರು ವರ್ಷಗಳು ಕಳೆಯುವುದು ನಮ್ಮ ಅಡುಗೆಮನೆಯ ಹೊಸ್ತಿಲಿನಲ್ಲಿ. ಆಗ ತಪ್ಪಿದ್ದನ್ನು ಮುಂದೆ ತುಂಬಿಸುವುದು ಕಷ್ಟ.

ಎಡೆದೊರೆಯ ಧಾನ್ಯ

ಕೃಷ್ಣೆ ತುಂಗಭದ್ರೆಯರ ನಡುವಣ ಈ ಸೀಮೆಗೆ ಹಿಂದೆ ಎಡೆದೊರೆ ನಾಡು ಎಂಬ ಹೆಸರಿತ್ತು. ಇದಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಮತ್ತೆ ಮತ್ತೆ ಕಾದಾಡಿದರು. ಆ ಅರಸರು ಹೋದರು. ನೆಲ ಬೆಳೆಯುವುದನ್ನು ಬಿಡಲಿಲ್ಲ. ಎರೆಹೊಲದಲ್ಲಿ ಹಿಂಗಾರಿನ ಬಿಳಿಜೋಳ, ಕಡಲೆ. ಮಸಾರಿಯಲ್ಲಿ ಸಜ್ಜೆ, ಶೇಂಗಾ. ತುಂಗಭದ್ರೆಯ ಎಡದಂಡೆ ನಾಲೆಯ ನೀರು ಹರಿಯುವ ಸಿಂಧನೂರಿನ ಕಡೆ ಭತ್ತ.

ಇವುಗಳಲ್ಲಿ ಸಜ್ಜೆಯನ್ನು ನಗರದವರು ಮರೆತೇಬಿಟ್ಟಿದ್ದೇವೆ. 100 ಗ್ರಾಂ ಸಜ್ಜೆಯಲ್ಲಿ ಸುಮಾರು 11 ಗ್ರಾಂ ಪ್ರೋಟೀನೂ 6 ಮಿಲಿಗ್ರಾಮಿಗೆ ಮೇಲ್ಪಟ್ಟು ಕಬ್ಬಿಣದ ಅಂಶವೂ ಇವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಪ್ರೋಟೀನು 8 ಗ್ರಾಮನ್ನು ಮುಟ್ಟುವುದಿಲ್ಲ, ಕಬ್ಬಿಣವಂತೂ ಒಂದು ಮಿಲಿಗ್ರಾಂ ಸಹ ಇಲ್ಲ. ಇಷ್ಟಿದ್ದರೂ ಸಜ್ಜೆಯೊಂದೇ ಸಾಲದು. ಧಾನ್ಯಗಳಲ್ಲಿ ಲೈಸಿನ್ ಎಂಬ ಸತ್ವ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳ. ಎರಡೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ನೀಗಿಸುತ್ತದೆ. ಅಕ್ಕನಿಗೆ ಲೈಸಿನ್ ಎಂಬ ಹೆಸರು ಗೊತ್ತಿಲ್ಲ. ಆದರೆ ಸಜ್ಜೆಯ ಹಿಟ್ಟಿಗೆ ಕಡಲೆಹಿಟ್ಟನ್ನು ಬೆರೆಸದೆ ಅವಳು ಪಡ್ಡು ಮಾಡುವುದಿಲ್ಲ.

ಮರುದಿನ ಬೆಳಿಗ್ಗೆ ಅವಳು ಮಾಡಿದ ಬಗೆಯನ್ನು ಅಳತೆಯೊಡನೆ ಬರೆದುಕೊಂಡೆ. ಸಹೋದರಿಯರ ಉಪಯೋಗಕ್ಕಾಗಿ ಅದನ್ನಿಲ್ಲಿ ಕೊಡುತ್ತಿದ್ದೇನೆ.

ದಿಢೀರ್ ಸಜ್ಜೆಯ ಪಡ್ಡು

ಬೇಕಾಗುವ ಪದಾರ್ಥಗಳು: ಸಜ್ಜೆಯ ಹಿಟ್ಟು ಅರ್ಧ ಬಟ್ಟಲು, ಕಡಲೆಹಿಟ್ಟು ಕಾಲು ಬಟ್ಟಲು, ಚಿರೋಟಿ ರವೆ ಕಾಲು ಬಟ್ಟಲು, ಹುಳಿಯಿಲ್ಲದ ಗಟ್ಟಿ ಮೊಸರು ಅರ್ಧ ಬಟ್ಟಲು, ಚೆನ್ನಾಗಿ ಕಳಿತ ಬಾಳೆಹಣ್ಣು ಒಂದು, ಹುರಿದು ಸಿಪ್ಪೆ ತೆಗೆದು ನುಣ್ಣಗೆ ಕುಟ್ಟಿದ ಶೇಂಗಾಪುಡಿ ಎರಡು ದೊಡ್ಡ ಚಮಚೆ, ಏಲಕ್ಕಿಪುಡಿ ಒಂದು ಚಿಟಿಕೆ, ಸವರಲು ತುಪ್ಪ ಅಥವಾ ಎಣ್ಣೆ.

ಮಾಡುವ ವಿಧಾನ: ಸಜ್ಜೆಯ ಹಿಟ್ಟನ್ನು ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಎರಡು ನಿಮಿಷ ಬೆಚ್ಚಗೆ ಮಾಡಿಕೊಳ್ಳಿ. ಬಾಳೆಹಣ್ಣನ್ನು ಗಂಟಿಲ್ಲದಂತೆ ಕಿವುಚಿ, ಮೊಸರು ಸೇರಿಸಿ ಕಡೆಯಿರಿ. ಹಿಟ್ಟುಗಳು, ರವೆ, ಶೇಂಗಾಪುಡಿ, ಏಲಕ್ಕಿ ಹಾಕಿ, ಇಡ್ಲಿಯ ಹಿಟ್ಟಿನ ಹದ ಬರುವಷ್ಟು ನೀರು ಬೆರೆಸಿ ಹತ್ತು ನಿಮಿಷ ಮುಚ್ಚಿಡಿ, ರವೆ ಅರಳಲಿ. ಪಡ್ಡಿನ ಹಂಚನ್ನು ಕಾಯಿಸಿ, ಪ್ರತಿ ಗುಳಿಗೂ ಎರಡು ಹನಿ ತುಪ್ಪ ಸವರಿ, ಮುಕ್ಕಾಲು ಗುಳಿ ತುಂಬುವಷ್ಟು ಹಿಟ್ಟು ಹೊಯ್ಯಿರಿ. ಉರಿ ಸಣ್ಣಗಿರಲಿ. ಮುಚ್ಚಳವಿಟ್ಟು ಮೂರು ನಾಲ್ಕು ನಿಮಿಷ ಬೇಯಿಸಿ. ಅಂಚು ಬಿಟ್ಟುಕೊಂಡಾಗ ಕಡ್ಡಿಯಿಂದ ತಿರುವಿ ಹಾಕಿ, ಇನ್ನೆರಡು ನಿಮಿಷ ಬಿಡಿ. ಕಡ್ಡಿಯನ್ನು ಚುಚ್ಚಿ ತೆಗೆದಾಗ ಹಿಟ್ಟು ಅಂಟದಿದ್ದರೆ ಒಳಗೂ ಬೆಂದಿದೆಯೆಂದು ತಿಳಿಯಬೇಕು.

ಈ ಅಳತೆಗೆ ಸುಮಾರು ಹದಿನೆಂಟು ಪಡ್ಡುಗಳಾಗುತ್ತವೆ. ಸಕ್ಕರೆಯೂ ಇಲ್ಲ, ಬೆಲ್ಲವೂ ಇಲ್ಲ; ಹಣ್ಣಿನ ಸಿಹಿಯೇ ಸಾಕು. ನಾಲ್ಕು ಪಡ್ಡು ತಿಂದ ಮಗುವಿಗೆ ಆ ದಿನಕ್ಕೆ ಬೇಕಾದ ಪ್ರೋಟೀನಿನ ಮೂರನೆಯ ಒಂದು ಪಾಲಾದರೂ ಸಂದಂತಾಯಿತು. ಮೊಟ್ಟೆ ತಿನ್ನುವ ಮನೆಯವರು ಒಂದು ಮೊಟ್ಟೆಯನ್ನು ಕಡೆದು ಸೇರಿಸಿ, ನೀರನ್ನು ಅಷ್ಟು ಕಡಿಮೆ ಮಾಡಿದರೆ ಪಡ್ಡು ಇನ್ನೂ ಹಗುರವಾಗಿ ಉಬ್ಬುತ್ತದೆ, ಸತ್ವವೂ ಹೆಚ್ಚುತ್ತದೆ.

ಸಿಹಿ ಬೇಡವೆನ್ನುವವರು ಬಾಳೆಹಣ್ಣು, ಏಲಕ್ಕಿಗಳ ಬದಲು ತುರಿದ ಗಜ್ಜರಿ, ಸಣ್ಣಗೆ ಹೆಚ್ಚಿದ ಮೆಂತ್ಯೆಸೊಪ್ಪು ಅಥವಾ ನುಗ್ಗೆಸೊಪ್ಪು, ಜೀರಿಗೆಪುಡಿ, ಒಂದು ಚಿಟಿಕೆ ಉಪ್ಪನ್ನು ಹಾಕಬಹುದು. ಹಸಿಮೆಣಸಿನಕಾಯಿಯನ್ನು ಹಿರಿಯರ ಪಾಲಿನ ಹಿಟ್ಟಿಗೆ ಆಮೇಲೆ ಸೇರಿಸಿಕೊಳ್ಳಿ. ಮಗುವಿನ ನಾಲಿಗೆಗೆ ಅವಸರವಿಲ್ಲ.

ವಾರಕ್ಕೊಮ್ಮೆ ರುಬ್ಬಿದರೆ

ಕೆಲಸಕ್ಕೆ ಹೋಗುವ ತಾಯಂದಿರಿಗೆ ಬೆಳಗಿನ ಹೊತ್ತು ಹತ್ತು ನಿಮಿಷವೂ ಭಾರವೇ. ಅವರಿಗೆ ಹುದುಗಿದ ಹಿಟ್ಟು ಅನುಕೂಲ. ಒಂದು ಬಟ್ಟಲು ಬಿಳಿಜೋಳ, ಒಂದು ಬಟ್ಟಲು ಅಕ್ಕಿ, ಅರ್ಧ ಬಟ್ಟಲು ಉದ್ದಿನ ಬೇಳೆ, ಒಂದು ಸಣ್ಣ ಚಮಚೆ ಮೆಂತ್ಯೆಕಾಳು. ಜೋಳವನ್ನು ಬೇರೆಯಾಗಿ ಎಂಟು ಹತ್ತು ತಾಸು, ಉಳಿದುದನ್ನು ನಾಲ್ಕೈದು ತಾಸು ನೆನೆಸಿ. ರುಬ್ಬುವಾಗ ಒಂದು ಹಿಡಿ ನೆನೆದ ಅವಲಕ್ಕಿಯನ್ನು ಸೇರಿಸಿ. ರಾತ್ರಿಯಿಡೀ ಹುದುಗಲು ಬಿಟ್ಟು, ಬೆಳಿಗ್ಗೆ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನಕ್ಕೆ ಚಿಂತೆಯಿಲ್ಲ. ದಿನವೂ ಬೇಕಾದಷ್ಟನ್ನೇ ತೆಗೆದು, ಒಂದು ದಿನ ಸೊಪ್ಪು, ಒಂದು ದಿನ ಬೇಯಿಸಿ ಕಿವುಚಿದ ಕುಂಬಳ, ಒಂದು ದಿನ ಶೇಂಗಾಪುಡಿ ಬೆರೆಸಿ ಪಡ್ಡು ಹೊಯ್ಯಬಹುದು. ಹುದುಗಿಸುವುದರಿಂದ ಇನ್ನೊಂದು ಲಾಭವೂ ಉಂಟು. ಧಾನ್ಯದ ಹೊಟ್ಟಿನಲ್ಲಿ ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟ್ ಎಂಬ ವಸ್ತುವಿದೆ. ಹುದುಗಿದ ಹಿಟ್ಟಿನಲ್ಲಿ ಅದರ ಹಿಡಿತ ಸಡಿಲಗೊಂಡು, ಕಬ್ಬಿಣ ಮಗುವಿನ ಮೈಗೆ ಹತ್ತುತ್ತದೆ.

ಮನೆಯಲ್ಲಿ ವಾಫಲ್ ಯಂತ್ರವನ್ನು ಕೊಂಡಿರುವವರು ಅದನ್ನು ಅಟ್ಟಕ್ಕೇರಿಸಬೇಕಾಗಿಲ್ಲ. ಮೇಲೆ ಹೇಳಿದ ಎರಡು ಹಿಟ್ಟುಗಳನ್ನೂ ತುಸು ಗಟ್ಟಿಯಾಗಿ ಕಲಸಿ ಅದರಲ್ಲಿಯೇ ಹೊಯ್ಯಬಹುದು. ಮೊಟ್ಟೆ, ಬೆಣ್ಣೆ ಇಲ್ಲದ ಹಿಟ್ಟು ಫಲಕಕ್ಕೆ ಅಂಟಿಕೊಳ್ಳುವುದರಿಂದ ಎರಡೂ ಕಡೆ ಎಣ್ಣೆಯನ್ನು ಚೆನ್ನಾಗಿ ಸವರಿ, ಯಂತ್ರದಿಂದ ಹಬೆ ಬರುವುದು ನಿಲ್ಲುವವರೆಗೆ ಮುಚ್ಚಳ ತೆರೆಯದಿರಿ. ಬೆಂದ ವಾಫಲನ್ನು ಬೆರಳುದ್ದದ ತುಂಡುಗಳಾಗಿ ಕತ್ತರಿಸಿದರೆ ಮಗುವಿನ ಹಿಡಿತಕ್ಕೆ ಸರಿಯಾಗುತ್ತದೆ.

ಕೆಲವು ಎಚ್ಚರಿಕೆಯ ಮಾತುಗಳು

ಸಜ್ಜೆಯಲ್ಲಿ ಕೊಬ್ಬಿನಂಶ ಹೆಚ್ಚಾದುದರಿಂದ ಅದರ ಹಿಟ್ಟು ಬಹಳ ದಿನ ಇರದು, ಕಹಿಯಾಗುತ್ತದೆ. ವಾರಕ್ಕೆ ಬೇಕಾದಷ್ಟನ್ನೇ ಬೀಸಿಸಿಕೊಳ್ಳಿ. ಶೇಂಗಾದಲ್ಲಿ ಬೂಷ್ಟು ಹಿಡಿದ, ಸುಕ್ಕಿದ, ಬಣ್ಣಗೆಟ್ಟ ಕಾಳುಗಳನ್ನು ನಿರ್ದಾಕ್ಷಿಣ್ಯವಾಗಿ ಬಿಸಾಡಿ. ಬೂಷ್ಟಿನ ವಿಷ ಹುರಿದರೂ ಹೋಗುವುದಿಲ್ಲ. ಸಣ್ಣ ಮಕ್ಕಳ ಕೈಗೆ ಇಡಿಯ ಶೇಂಗಾಕಾಳನ್ನು ಎಂದಿಗೂ ಕೊಡಕೂಡದು. ಅದು ಉಸಿರುನಾಳಕ್ಕೆ ಜಾರಿದರೆ ಪ್ರಾಣಕ್ಕೇ ಸಂಚಕಾರ, ಪುಡಿಯೇ ಕ್ಷೇಮ. ಶೇಂಗಾ, ಮೊಟ್ಟೆಗಳನ್ನು ಮೊದಲ ಸಲ ಕೊಡುವಾಗ ಚೂರೇ ಕೊಟ್ಟು, ಮೈಮೇಲೆ ದದ್ದು, ಮುಖದಲ್ಲಿ ಊತ, ವಾಂತಿ ಕಾಣುವುದೋ ನೋಡಿರಿ. ಕಂಡರೆ ಕೂಡಲೆ ವೈದ್ಯರಲ್ಲಿಗೆ ಹೋಗಬೇಕು.

ಪಡ್ಡಿನ ಹೊರಮೈ ಆರಿದರೂ ಒಳಗಿನ ಹಬೆ ಆರಿರುವುದಿಲ್ಲ. ಎರಡಾಗಿ ಮುರಿದು, ನಿಮ್ಮ ಬೆರಳಿಗೆ ಬಿಸಿ ತಾಗದೆಂದು ಕಂಡ ಮೇಲೆಯೇ ಮಗುವಿಗೆ ಕೊಡಿ. ಮಗು ಕುಳಿತೇ ತಿನ್ನಲಿ, ಓಡುತ್ತ ಬೇಡ. ಒಂದು ವರ್ಷ ತುಂಬದ ಶಿಶುವಿಗೆ ಉಪ್ಪು ಸಕ್ಕರೆ ಹಾಕಬಾರದು, ಜೇನುತುಪ್ಪವನ್ನಂತೂ ನೆಕ್ಕಿಸಲೇಬಾರದು.

ಇನ್ನು ಚಹಾ. ನನ್ನಂಥ ಅಜ್ಜಿಯಂದಿರು ಮನಸ್ಸಿಟ್ಟು ಕೇಳಬೇಕಾದ ಮಾತು ಇದು. ಚಹಾದ ಒಗರು ಆಹಾರದಲ್ಲಿನ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಪಡ್ಡಿನ ಜೊತೆಗೆ ಎರಡು ಗುಟುಕು ಚಹಾ ಕುಡಿಸುವುದೆಂದರೆ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಸಿದುಕೊಂಡಂತೆ. ಅದರ ಬದಲು ಬೀಜ ತೆಗೆದ ಕಿತ್ತಳೆಯ ಎರಡು ತೊಳೆಯನ್ನೋ, ಮೆತ್ತಗಾದ ಪೇರಲ ಹಣ್ಣಿನ ತಿರುಳನ್ನೋ ಕೊಡಿ. ಅವುಗಳಲ್ಲಿನ ‘ಸಿ’ ಜೀವಸತ್ವ ಕಬ್ಬಿಣವನ್ನು ಮೈಗೂಡಿಸಲು ನೆರವಾಗುತ್ತದೆ.

ಹಬ್ಬಕ್ಕೆ ಚೊಂಗೆ, ದಿನಕ್ಕೆ ಪಡ್ಡು

ಒಂದು ಸಂಜೆ ಅಕ್ಕ ಕಪಾಟಿನ ಮೂಲೆಯಿಂದ ಕೆತ್ತನೆಯ ಮರದ ಮಣೆಯೊಂದನ್ನು ತೆಗೆದು ತೋರಿಸಿದಳು. ಅದು ಚೊಂಗೆಮಣೆ. ಮುದಗಲ್ಲಿನ ಮೊಹರಂ ಹೆಸರಾದುದು. ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಜನ ಅಲಾಯಿ ದೇವರಿಗೆ ನಡೆದುಕೊಳ್ಳುತ್ತಾರೆ. ಆಗ ಮನೆಮನೆಗಳಲ್ಲಿ ಚೊಂಗೆ ಮಾಡುತ್ತಾರೆ. ಗೋಧಿಹಿಟ್ಟಿನ ಕಣಕವನ್ನು ಲಟ್ಟಿಸಿ, ಈ ಮಣೆಗೆ ಒತ್ತಿ ಚಿತ್ತಾರ ಮೂಡಿಸಿ, ಬೇಯಿಸಿ, ಬೆಲ್ಲ, ಕೊಬ್ಬರಿ, ಪುಟಾಣಿಗಳನ್ನು ಸೇರಿಸಿ ನೈವೇದ್ಯ ಮಾಡುವ ಸಿಹಿ ಅದು. ಮೊಮ್ಮಗ ಮಣೆಯ ಗೆರೆಗಳ ಮೇಲೆ ಬೆರಳಾಡಿಸಿ, “ವಾಫಲ್!” ಎಂದು ಕೂಗಿದ. ಮಗುವಿನ ಕಣ್ಣು ತಪ್ಪಲಿಲ್ಲ.

“ಇದು ಹಬ್ಬಕ್ಕ, ಮಗನ. ದಿನಾ ತಿಂದ್ರ ಹಬ್ಬ ಹೆಂಗಾದೀತು?” ಎಂದು ನಗುತ್ತ ಅಕ್ಕ ಮಣೆಯನ್ನು ಮೊದಲಿನ ಸ್ಥಳದಲ್ಲಿಯೇ ಇಟ್ಟಳು.

ಹೌದು, ಸಿಹಿಗೆ ಹಬ್ಬವಿದೆ. ಅಂಗಡಿಯ ವಾಫಲ್‌ಗೂ ಎಂದಾದರೊಂದು ದಿನ ಇರಲಿ. ದಿನದ ಪಾಲು ಮಾತ್ರ ಮನೆಯ ಹಂಚಿಗೆ ಸೇರಬೇಕು. ಬೆಂಗಳೂರಿಗೆ ಮರಳುವಾಗ ಅಕ್ಕ ಒಂದು ಹಳೆಯ ಬೀಡುಕಬ್ಬಿಣದ ಪಡ್ಡಿನ ಹಂಚನ್ನೂ, ಒಂದು ಚೀಲ ಸಜ್ಜೆಯನ್ನೂ ಕಟ್ಟಿಕೊಟ್ಟಳು. ಮೂರು ತಿಂಗಳ ಬಳಿಕ ಮಗುವಿನ ರಕ್ತವನ್ನು ಮತ್ತೊಮ್ಮೆ ಪರೀಕ್ಷಿಸಿದ ವೈದ್ಯರು ತಲೆದೂಗಿದರು; ತೂಕವೂ ಏರಿತ್ತು. ಕೀರ್ತಿಯಲ್ಲಿ ಔಷಧಿಯ ಪಾಲೂ ಇದೆ, ಚಹಾ ನಿಲ್ಲಿಸಿದ್ದರ ಪಾಲೂ ಇದೆ. ಎಲ್ಲವನ್ನೂ ಪಡ್ಡಿಗೇ ಸಲ್ಲಿಸಲು ನಾನು ಸಿದ್ಧಳಿಲ್ಲ.

ಆದರೆ ಈಗ ಬೆಳಗಿನ ಎಂಟು ಗಂಟೆಗೆ ನಮ್ಮ ಅಡುಗೆಮನೆಯ ಬಾಗಿಲಿನಲ್ಲಿ ಪುಟ್ಟ ತಟ್ಟೆಯೊಂದು ಬಂದು ನಿಲ್ಲುತ್ತದೆ. ಹಂಚಿನ ಚುಂಯ್ ಎಂಬ ಸದ್ದಿಗೆ ಕಿವಿಗೊಟ್ಟು ಕಾಯುತ್ತದೆ. ಎರಡನೆಯ ಪಡ್ಡು ಮುಗಿಯುತ್ತಲೂ ಒಂದು ಮಾತು ಕೇಳಿಬರುತ್ತದೆ. ಅದು “ಬೇಡ” ಅಲ್ಲ.

“ಇನ್ನೊಂದು!”